ಹಳೆಯ ಬಾಗಲಕೋಟೆಯ ನಕ್ಷೆಯನ್ನು ಕೌದಿಯಲ್ಲಿ ಹೊಲಿಯುವ ಬಗ್ಗೆ

ಪ್ರಶ್ನೆ (ನವನಗರ, ಬಾಗಲಕೋಟೆ):
ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ನಮ್ಮ ಓಣಿಯನ್ನೂ ಪಕ್ಕದ ಘಟಪ್ರಭೆಯನ್ನೂ ನಕ್ಷೆಯಂತೆ ತೋರಿಸುವ, ಗೋಡೆಗೆ ತೂಗುಹಾಕುವ 4 ಅಡಿ ಅಗಲದ ಕೌದಿಯೊಂದನ್ನು ಹೊಲಿಯಬೇಕೆಂದಿದ್ದೇನೆ. ಅವ್ವನ ಹಳೆಯ ಇಳಕಲ್ ಸೀರೆಗಳೂ ಗುಳೇದಗುಡ್ಡ ಖಣದ ತುಂಡುಗಳೂ ಇವೆ. ಮಾದರಿಗೆಂದು ನದಿಯನ್ನು ಹೊಲಿದಾಗ ತಿರುವುಗಳಲ್ಲೆಲ್ಲ ಬಟ್ಟೆ ಸುಕ್ಕುಗಟ್ಟಿತು. ನಕ್ಷೆಯನ್ನು ಎಷ್ಟು ಹಿಗ್ಗಿಸಬೇಕು, ನೀರಿನಡಿಯ ಊರನ್ನು ಹೇಗೆ ಕಾಣಿಸಬೇಕು ಎಂಬುದನ್ನು ಬಲ್ಲವರು ತಿಳಿಸಬೇಕು.

ಉತ್ತರ (ಬೆಳಗಾವಿ):
ಅಕ್ಕನವರೇ, ನದಿ ಮುಖ್ಯವೋ ಓಣಿ ಮುಖ್ಯವೋ ಎಂಬುದನ್ನು ಮೊದಲು ನಿರ್ಧರಿಸಿ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ 1 ಕಿ.ಮೀ. ದೂರ 2 ಸೆಂ.ಮೀ. ಆಗಿರುತ್ತದೆ, ಅದನ್ನು 4 ಪಟ್ಟು ಹಿಗ್ಗಿಸಿದರೆ ನಿಮ್ಮ ಕೌದಿಯಲ್ಲಿ ಸುಮಾರು 15 ಕಿ.ಮೀ. ಸೀಮೆ ಹಿಡಿಸುತ್ತದೆ, ಆದರೆ ಓಣಿಗಳು ಸೂಜಿಗೆ ಸಿಗದಷ್ಟು ಸಣ್ಣದಾಗುತ್ತವೆ. ಗ್ರಾಮ ನಕಾಶೆಯಲ್ಲಿ ಹೊಲಗಳ ಸರ್ವೆ ನಂಬರುಗಳಿರುತ್ತವೆ, ಓಣಿಗಳಿಗೆ ಸಿ.ಟಿ.ಎಸ್. (ನಗರ ಸರ್ವೆ) ನಕ್ಷೆಯೇ ಬೇಕು. ನಾನಾಗಿದ್ದರೆ ಓಣಿಯನ್ನೇ ಆರಿಸಿಕೊಂಡು, ನದಿಯನ್ನು ಒಂದು ಅಂಚಿಗೆ ಬಿಡುತ್ತಿದ್ದೆ.

ಉತ್ತರ (ಇಳಕಲ್):
ಸುಕ್ಕು ಬಂದದ್ದು ಬಟ್ಟೆಯನ್ನು ನೇರವಾಗಿ ಕತ್ತರಿಸಿದ್ದರಿಂದ ಇರಬೇಕು. ಎಳೆಗಳಿಗೆ ಓರೆಯಾಗಿ, ಮೂಲೆಯಿಂದ ಮೂಲೆಗೆ ಕತ್ತರಿಸಿದ ಪಟ್ಟಿ ತುಸು ಹಿಗ್ಗುವುದರಿಂದ ತಿರುವಿಗೆ ತಾನೇ ಬಾಗುತ್ತದೆ. ಮೊದಲು ಒಳಬಾಗಿನ ಅಂಚನ್ನು ಹೊಲಿದು, ಆಮೇಲೆ ಹೊರ ಅಂಚನ್ನು ಎಳೆದು ಕೂರಿಸಿ. ಸೀರೆಯ ಒಡಲು ಹತ್ತಿಯದೂ ಸೆರಗು ರೇಷ್ಮೆಯದೂ ಆಗಿದ್ದರೆ ನೀರು ತಗುಲಿದಾಗ ಎರಡೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ಆದ್ದರಿಂದ ಕತ್ತರಿಸುವ ಮೊದಲೇ ಎಲ್ಲವನ್ನೂ ನೆನೆಸಿ ಒಣಗಿಸಿ. ಖಣದ ಮೇಲೆ ಒದ್ದೆಯಾದ ಬಿಳಿ ಬಟ್ಟೆ ಉಜ್ಜಿದರೆ ಬಣ್ಣ ಬಿಡುತ್ತದೆಯೇ ಎಂಬುದು ಗೊತ್ತಾಗುತ್ತದೆ. ಒತ್ತಾಗಿ ಹೊಲಿದಷ್ಟೂ ಕೌದಿ ಕಿರಿದಾಗುವುದರಿಂದ ಸುತ್ತಲೂ 3 ಇಂಚು ಹೆಚ್ಚಿಗೆ ಬಿಡಿ. ಅವ್ವನ ತೆನಿ ಸೆರಗನ್ನು ಮಾತ್ರ ದಯವಿಟ್ಟು ಕತ್ತರಿಸಬೇಡಿ.

ಉತ್ತರ (ವಿಜಯಪುರ):
ನೀರಿಗೆ ದಪ್ಪ ನೀಲಿ ಬಟ್ಟೆ ಬೇಡ, ಅದು ಊರನ್ನೇ ಮುಚ್ಚಿಬಿಡುತ್ತದೆ. ಓಣಿಗಳನ್ನು ಪೂರ್ತಿಯಾಗಿ ಹೊಲಿದ ಬಳಿಕ, ತಿಳಿನೀಲಿ ಬಣ್ಣ ಹಾಕಿದ ತೆಳು ಮಲ್ ಬಟ್ಟೆಯನ್ನು ಮೇಲೆ ಹಾಸಿದರೆ ಗೋಡೆಗಳ ಗೆರೆ ಮಬ್ಬಾಗಿ ಕಾಣುತ್ತದೆ. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್ ಆಗಿರುವುದರಿಂದ, 1:50,000 ನಕ್ಷೆಯ 520 ಮೀಟರಿನ ಸಮೋನ್ನತ ರೇಖೆಯನ್ನೇ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ) ಹೆಚ್ಚುಕಡಿಮೆ ನೀರಿನ ಅಂಚೆಂದು ಹಿಡಿಯಬಹುದು. ಕೌದಿಯ ಸಾಲುಹೊಲಿಗೆಯನ್ನು ಅಲ್ಲಿ ದಂಡೆಯ ಬಳುಕನ್ನೇ ಅನುಸರಿಸಿ ಹಾಕಿದರೆ ಅದೇ ಅಲೆಯಾಗುತ್ತದೆ.

ಪ್ರಶ್ನೆ ಕೇಳಿದವರು:
ಓಣಿಯನ್ನೇ ಹೊಲಿಯುತ್ತೇನೆ. ಬೇಸಿಗೆಯಲ್ಲಿ ಹಿನ್ನೀರು ಸರಿಯುವುದರಿಂದ, ಮಲ್ ಬಟ್ಟೆಯ ಮೇಲಂಚನ್ನಷ್ಟೇ ಹೊಲಿದು ಕೆಳಗೆ ಗುಂಡಿ ಹಾಕಿದರೆ ಆಗ ಅದನ್ನು ಮೇಲೆತ್ತಿ ಮಡಚಿಡಬಹುದಲ್ಲವೇ? ಹಾಗೆ ಮಾಡಿದರೆ ಅಲೆಯ ಹೊಲಿಗೆಯನ್ನು ಮಲ್ ಬಟ್ಟೆಗಷ್ಟೇ ಹಾಕಬೇಕಾಗುತ್ತದೆ.