ಎಫಿಕಸಿಗೆ ‘ಇಳುವರಿ’ ಎನ್ನಬಹುದೇ?

ಎಲ್ಲರಿಗೂ ದಾವಣಗೆರೆಯಿಂದ ನಮಸ್ಕಾರ.

ವಿದ್ಯಾನಗರದಲ್ಲಿರುವ ತಮ್ಮನ ಮಗ ಹವಳ ಸಾಕಲು ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದಾನೆ. (ಬಂಡೆ ಕಟ್ಟುವ ಹವಳಗಳು ವನ್ಯಜೀವಿ ಕಾಯ್ದೆಯಲ್ಲಿ ರಕ್ಷಣೆ ಪಡೆದ ಜೀವಿಗಳ ಪಟ್ಟಿಯಾದ ಅನುಸೂಚಿ 1ರಲ್ಲಿವೆ, ಇವನಲ್ಲಿರುವುದು ಮೆತ್ತನೆಯ ಅಣಬೆ ಹವಳ.) ‘ದೊಡ್ಡಪ್ಪ, ಯಾವ ದೀಪ ಒಳ್ಳೇದು ಅಂತ ಕನ್ನಡದಲ್ಲಿ ಒಂದು ಪುಟ ಬರೆದುಕೊಡಿ, ಗೆಳೆಯರಿಗೂ ಕೊಡ್ತೀನಿ’ ಎಂದ. ಮೆಟಲ್ ಹ್ಯಾಲೈಡ್, ಟಿ5 ಟ್ಯೂಬು, ಎಲ್‌ಇಡಿ ಎಂಬ ಹೆಸರುಗಳನ್ನು ಹಾಗೇ ಇಟ್ಟೆ. ಅಂಗಡಿಯಲ್ಲಿ ಕೇಳುವುದೂ ಹಾಗೆಯೇ. ನಾನು ತಡವರಿಸಿದ್ದು ‘ದಕ್ಷತೆ’ಯಲ್ಲಿ.

ಹಾಕಿದ ವಿದ್ಯುತ್ತಿನಲ್ಲಿ ಶೇಕಡಾ ಎಷ್ಟು ಬೆಳಕಾಯಿತು ಎಂಬುದು ಎಫಿಶಿಯನ್ಸಿ. ಒಂದು ವ್ಯಾಟಿಗೆ ಎಷ್ಟು ಲ್ಯೂಮೆನ್ ಬಂತು ಎಂಬುದು ಎಫಿಕಸಿ. ನಾವು ಎರಡಕ್ಕೂ ದಕ್ಷತೆ ಎಂದುಬಿಡುತ್ತೇವೆ. ಮನೆಯ ಬಲ್ಬಿನ ಮಟ್ಟಿಗೆ ಅಷ್ಟು ಸಾಕು. ಹವಳದ ಮುಂದೆ ಸಾಲದು, ಏಕೆಂದರೆ ಲ್ಯೂಮೆನ್ ಮನುಷ್ಯನ ಕಣ್ಣಿಗೆ ಹೊಂದಿಸಿದ ಅಳತೆ. 555 ನ್ಯಾನೊಮೀಟರ್ ತರಂಗದುದ್ದದ ಹಸಿರು ಬೆಳಕು ಒಂದು ವ್ಯಾಟಿನಷ್ಟಿದ್ದರೆ 683 ಲ್ಯೂಮೆನ್. 450ರ ನೀಲಿ ಅಷ್ಟೇ ಇದ್ದರೂ ಸುಮಾರು 26 ಮಾತ್ರ. ಹವಳದ ಮೈಯೊಳಗೆ ಬಾಳುವ ಪಾಚಿ ಚೆನ್ನಾಗಿ ಹೀರುವುದು ಆ ನೀಲಿಯನ್ನೇ! ಲ್ಯೂಮೆನ್ ನೋಡಿ ಕೊಂಡವನಿಗೆ ನೀಲಿ ಎಲ್‌ಇಡಿ ಕಳಪೆಯಾಗಿ ಕಾಣುತ್ತದೆ, ಹವಳಕ್ಕೆ ಅದರಲ್ಲೇ ಊಟ.

ಮೆಟಲ್ ಹ್ಯಾಲೈಡಿನದು ಇನ್ನೊಂದು ಕತೆ. ಬೆಳಕು ಆಳಕ್ಕಿಳಿಯುತ್ತದೆ, ಆದರೆ ಕಾವು ವಿಪರೀತ. ನೀರು 25–26 ಡಿಗ್ರಿಯ ಆಸುಪಾಸಿನಲ್ಲಿರಬೇಕು. ನಮ್ಮೂರ ಏಪ್ರಿಲ್ ಬಿಸಿಲಿನಲ್ಲಿ ನೀರು ತಣಿಸುವ ಚಿಲ್ಲರ್ ಓಡಿಸದೆ ಅದಾಗದು. ಆ ಕರೆಂಟನ್ನೂ ದೀಪದ ಲೆಕ್ಕಕ್ಕೇ ಬರೆಯಬೇಕಲ್ಲವೇ? ಟಿ5 ಬೆಳಕನ್ನು ನೆರಳಿಲ್ಲದಂತೆ ಹರಡುತ್ತದೆ, ಟ್ಯೂಬನ್ನು ಮಾತ್ರ ಆಗಾಗ ಬದಲಿಸುತ್ತಿರಬೇಕು.

ಎಫಿಕಸಿಗೆ ನನಗೆ ತೋಚಿದ ಮಾತು ‘ಇಳುವರಿ’. ಇಲ್ಲಿ ಎಕರೆಗೆ ಇಷ್ಟು ಕ್ವಿಂಟಲ್ ಮೆಕ್ಕೆಜೋಳ ಎಂದು ದಿನವೂ ಕೇಳುವ ಪದ. ಗೆಳೆಯರೊಬ್ಬರು ‘ಅದು ಹೊಲದ ಮಾತು, ದೀಪಕ್ಕೆ ಒಗ್ಗದು’ ಎಂದರು. ನಾನು ಒಪ್ಪಲಾರೆ. ಕಬ್ಬು ಅರೆದಾಗ ಬರುವ ಸಕ್ಕರೆಗೂ ಇಳುವರಿ ಎಂದೇ ಹೇಳುತ್ತೇವೆ. ಕಬ್ಬಿನ ದರ ನಿಗದಿಯಲ್ಲಿ ‘ಶೇ 10.25 ಇಳುವರಿ’ ಎಂದು ಪತ್ರಿಕೆಗಳು ಬರೆಯುತ್ತವೆ. ಮಣ್ಣಿನಿಂದಲೇ ಬರಬೇಕೆಂಬ ಕಟ್ಟು ಆ ಪದಕ್ಕಿಲ್ಲ. ಏನು ಹಾಕಿ ಏನು ಪಡೆದೆವು ಎಂಬುದೇ ಅದರ ಜೀವ. ಸಕ್ಕರೆಯಲ್ಲಿ ಅದು ಶೇಕಡಾ ಲೆಕ್ಕವಾಗುತ್ತದೆ ನಿಜ, ಹೊಲದಲ್ಲಿ ಎಕರೆಗಿಷ್ಟು ಎಂದಾಗುತ್ತದೆ. ದೀಪಕ್ಕೆ ಈ ಎರಡನೆಯದು ಸಲೀಸಾಗಿ ಕೂರುತ್ತದೆ: ‘ವ್ಯಾಟಿಗೆ 100 ಲ್ಯೂಮೆನ್ ಇಳುವರಿ’. ಶೇಕಡಾ ಲೆಕ್ಕಕ್ಕೆ ದಕ್ಷತೆ ಇದ್ದೇ ಇದೆ.

ಇನ್ನೊಂದು ಪ್ರಶ್ನೆ. ಅಕ್ವೇರಿಯಂನವರು ಲ್ಯೂಮೆನ್ ಬಿಟ್ಟು ‘ಪಾರ್’ ನೋಡುತ್ತಾರೆ. 400ರಿಂದ 700 ನ್ಯಾನೊಮೀಟರಿನ, ಪಾಚಿಗೆ ಗಿಡಕ್ಕೆ ದಕ್ಕುವ ಬೆಳಕು. ‘ದ್ಯುತಿಸಂಶ್ಲೇಷಣಾ ಸಕ್ರಿಯ ವಿಕಿರಣ’ ಎಂದು ಬರೆದರೆ ಹುಡುಗರು ಪುಟ ಮಡಚಿಡುತ್ತಾರೆ. ‘ಉಣ್ಬೆಳಕು’ ಎಂದು ಕಟ್ಟಿ ನೋಡಿದೆ, ಎದುರಿಗೆ ಲ್ಯೂಮೆನ್ನಿನದು ‘ಕಣ್ಬೆಳಕು’. ಕಿವಿಗೆ ಹಿತವಾಗಿದೆ. ಆದರೆ ಉಣ್ಬೆಳಕು ಎಂದಾಗ ಉಣ್ಣುವ ಬೆಳಕೋ, ಉಣಿಸುವ ಬೆಳಕೋ? ‘ಉಣಿಸು ಬೆಳಕು’ ಎಂದರೆ ನೇರವಾದೀತೇ? ಸಮಾಸದ ನಡೆ ಬಲ್ಲವರು ತಿದ್ದಬೇಕು. ಭಾನುವಾರ ಪುಟ ಅವನ ಕೈಗೆ ಹೋಗುತ್ತದೆ.