ಯಾವ ಕೋರ್ಸ್ ಶುರು ಮಾಡಬೇಕು? ಮಾಡಿ ನೋಡಿದವರು ಹೇಳಿ

ತುಂಗಭದ್ರೆ ದಂಡೆ: ನಾವು ಐದು ಜನ ಗೆಳೆಯರು, ರಾಣೆಬೆನ್ನೂರು. ಪಿಯುಸಿ, ಡಿಗ್ರಿ ಮುಗಿಸಿ ಮನೆಯಲ್ಲಿ ಕೂತವರಿಗೆ ಮೂರು ತಿಂಗಳ ತರಬೇತಿ ಕೊಡಬೇಕು ಅಂತಿದ್ದೇವೆ. ಹಾಲ್ ಇದೆ, ಕೈಯಲ್ಲಿ ಆರು ಲಕ್ಷ ಇದೆ. ಯಾವ ಕೆಲಸಕ್ಕೆ ಬೇಡಿಕೆ ಇದೆ ಅಂತ ತಿಳಿಯಲು 40 ಪ್ರಶ್ನೆಗಳ ಫಾರ್ಮ್ ಮಾಡಿದ್ದೇವೆ. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು?

ಹೊಲಿಗೆ ಅಕ್ಕ: ಫಾರ್ಮ್ ನಾವೂ ಮಾಡಿದ್ದೆವು ತಮ್ಮಾ, 2018ರಲ್ಲಿ. ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ಗೆ ಫೋನ್ ಮಾಡಿ ಎಷ್ಟು ಜನ ಬೇಕು ಅಂತ ಕೇಳಿದೆ. "ಎಷ್ಟು ಕಳಿಸ್ತೀರೋ ಅಷ್ಟು ತಗೊಳ್ತೀವಿ" ಅಂದರು. ಅಷ್ಟಕ್ಕೇ ಹಿಗ್ಗಿದೆ. ಸೆಕೆಂಡ್ ಹ್ಯಾಂಡ್ ಪವರ್ ಹೊಲಿಗೆ ಮಷಿನ್ 18, ಒಂದಕ್ಕೆ 14,500. ಬಟ್ಟೆ ಅಂಚು ಹೊಲಿಯುವ ಓವರ್‌ಲಾಕ್ ಎರಡು, 21,000ದಂತೆ. ಟೇಬಲ್, ವೈರಿಂಗ್, ಬಾಡಿಗೆ ಅಡ್ವಾನ್ಸ್ 91,000. ಒಟ್ಟು 3,94,000. ಕಲಿತವರು 61. ಬೆಂಗಳೂರಿಗೆ ಬಸ್ ಹತ್ತಿದವರು 9. ದೀಪಾವಳಿಗೆ ಊರಿಗೆ ಬಂದ 7 ಜನ ವಾಪಸ್ ಹೋಗಲೇ ಇಲ್ಲ, ರೂಮ್ ಬಾಡಿಗೆ, ಊಟ ಕಳೆದರೆ ಎರಡು ಸಾವಿರವೂ ಉಳಿಯುತ್ತಿರಲಿಲ್ಲವಂತೆ. ಅಲ್ಲಿ ಯಾವಾಗಲೂ ಜನ ಬೇಕಿದ್ದದ್ದು ಕೆಲಸ ಜಾಸ್ತಿ ಅಂತ ಅಲ್ಲ, ಬಂದವರು ನಿಲ್ಲುತ್ತಿರಲಿಲ್ಲ ಅಂತ. ಇದು ತಿಳಿಯುವಷ್ಟರಲ್ಲಿ ನನ್ನ ಬಳೆ ಬ್ಯಾಂಕಿನಲ್ಲಿತ್ತು. ಇನ್ನೂ ಅಲ್ಲೇ ಇದೆ.

ಗೋಕುಲ ರೋಡ್ ಲೇತ್: ಅಕ್ಕಾರೇ, ಬೇಜಾರಾಗಬೇಡಿ, ಕೇಳಿದ ಪ್ರಶ್ನೆಯೇ ತಪ್ಪು. ಎಷ್ಟು ಜನ ಬೇಕು ಅಂದರೆ ಯಾವ ಮಾಲೀಕ ಬೇಡ ಅಂತಾನೆ, ಬಾಯಿಮಾತಿಗೆ ದುಡ್ಡು ಬೀಳುತ್ತದಾ? ನಾನು ಹುಬ್ಬಳ್ಳಿಯಲ್ಲಿ ಲೇತ್ ಕೆಲಸದ 23 ಶೆಡ್ ತಿರುಗಿದೆ. ಮೂರೇ ಪ್ರಶ್ನೆ. ಹೋದ ವರ್ಷ ಎಷ್ಟು ಹೊಸಬರನ್ನು ತಗೊಂಡ್ರಿ, ಮೊದಲ ತಿಂಗಳು ಕೈಗೆ ಎಷ್ಟು ಕೊಟ್ರಿ, ಅವರಲ್ಲಿ ಈಗ ಎಷ್ಟು ಜನ ಇದ್ದಾರೆ. ಆಮೇಲೆ ಶಿಫ್ಟ್ ಬಿಡುವ ಹೊತ್ತಿಗೆ ಚಹಾ ಅಂಗಡಿಯಲ್ಲಿ ಕೂತು ಹುಡುಗರಿಗೂ ಅದನ್ನೇ ಕೇಳಿದೆ. ಎರಡೂ ಲೆಕ್ಕ ತಾಳೆಯಾದದ್ದು 6 ಶೆಡ್‌ಗಳಲ್ಲಿ ಮಾತ್ರ! ಆ ಆರಕ್ಕೆ ಬೇಕಿದ್ದವನು ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಷಿನ್, ಅದರ ಬಟನ್ ಒತ್ತುವವನಲ್ಲ. ಡ್ರಾಯಿಂಗ್ ಓದಿ, ಮೈಕ್ರೋಮೀಟರ್ ಹಿಡಿದು, ಆಫ್‌ಸೆಟ್ (ಮಷಿನ್‌ಗೆ ಕೊಡುವ ಟೂಲ್ ಅಳತೆ) ಸರಿಮಾಡುವವನು. ಹಾಗಾಗಿ ನಾನು ಮಷಿನ್ ಕೊಳ್ಳಲೇ ಇಲ್ಲ. ವರ್ನಿಯರ್, ಮೈಕ್ರೋಮೀಟರ್, ಹೀಗೆ ಅಳತೆ ಸಾಮಾನು ಎಲ್ಲ ಸೇರಿ 47,000. ಮಷಿನ್ ಪಾಠ ರಾತ್ರಿ ಅವರ ಶೆಡ್‌ನಲ್ಲೇ. 34ರಲ್ಲಿ 26 ಜನ ಈಗಲೂ ಕೆಲಸದಲ್ಲಿದ್ದಾರೆ.

ಹೊಲಿಗೆ ಅಕ್ಕ: ಆ 34ರಲ್ಲಿ ಹುಡುಗಿಯರೆಷ್ಟು?

ಗೋಕುಲ ರೋಡ್ ಲೇತ್: ಒಬ್ಬರೂ ಇಲ್ಲ. ಅದೂ ನನ್ನ ತಪ್ಪಾ?

ಹೊಲಿಗೆ ಅಕ್ಕ: ರಾತ್ರಿ ಶೆಡ್‌ಗೆ ಯಾರ ಮನೆಯಲ್ಲಿ ಕಳಿಸುತ್ತಾರೆ ಸ್ವಾಮಿ? ಅರ್ಧ ಊರನ್ನು ಬಿಟ್ಟು ಲೆಕ್ಕ ಹಾಕಿದರೆ ಯಾರ ಲೆಕ್ಕವೂ ತಾಳೆಯಾಗುತ್ತದೆ.

ಕೊನೇ ಕಂತು: ನನ್ನದು ಬ್ಯಾಡಗಿ ಕಥೆ. ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಸಾಲಾಗಿ ನಿಂತಿರುವುದು ನೋಡಿ, ಫ್ರಿಜ್-ಎಸಿ ಕೋರ್ಸ್ ಮಾಡಿದರೆ ಕೆಲಸ ಗ್ಯಾರಂಟಿ ಅಂದುಕೊಂಡೆ. ಒಂದು ಸರ್ಕಾರಿ ಯೋಜನೆಯಲ್ಲಿ ಸೆಂಟರ್ ಸಿಕ್ಕಿತು. ಅವರ ಪಟ್ಟಿಯಲ್ಲಿದ್ದದ್ದು ಮನೆ ಫ್ರಿಜ್, ಸ್ಪ್ಲಿಟ್ ಎಸಿ ರಿಪೇರಿ. ಕೋಲ್ಡ್ ಸ್ಟೋರೇಜಿನಲ್ಲಿ ಓಡುವುದು ಅಮೋನಿಯಾ ಕಂಪ್ರೆಸರ್, ಅದರ ಕೆಲಸವೇ ಬೇರೆ! ನಾನು ಒಳಗೆ ಕಾಲಿಟ್ಟು ನೋಡಿರಲೇ ಇಲ್ಲ, ಹೊರಗಿನಿಂದ ಗೋಡೆ ಎಣಿಸಿದ್ದೆ. ಒಳಗಿನ ಆಪರೇಟರ್ ಇಪ್ಪತ್ತು ವರ್ಷದಿಂದ ಅವನೇ, ರಜೆ ಹಾಕಿದರೆ ಅವನ ಅಳಿಯ. ಬಾಡಿಗೆ 22,000 ಹಾಗೆ 14 ತಿಂಗಳು ಕಟ್ಟಿದೆ, 3,08,000. ಬೆರಳು ಒತ್ತಿ ಹಾಜರಿ ಹಾಕುವ ಮಷಿನ್ ಕೆಟ್ಟ ಹನ್ನೊಂದು ದಿನ ಹಾಜರಿ ಇಲ್ಲ ಅಂತ ಯೋಜನೆಯ ದುಡ್ಡಿನಲ್ಲಿ ಅದಕ್ಕೂ ಕಡಿತ. ಆ ದುಡ್ಡಿನ ಕೊನೇ ಕಂತು ಬರುವುದು ಹುಡುಗರಿಗೆ ಕೆಲಸ ಸಿಕ್ಕ ಮೇಲೆ. ಪಕ್ಕದ ಸೆಂಟರಿನವನು ಪರಿಚಯದ ಅಂಗಡಿಗಳಿಂದ ಆಫರ್ ಲೆಟರ್ ಬರೆಸಿ ದುಡ್ಡು ಎತ್ತಿಕೊಂಡ. ನನಗೆ ಮನಸ್ಸು ಬರಲಿಲ್ಲ. ಹೆಂಡತಿ ಈಗಲೂ ಅದಕ್ಕೇ ಬೈಯುತ್ತಾಳೆ.

ಪಿಯು ಸರ್: ಯಾವ ಕೋರ್ಸ್ ಕೊಟ್ಟರೇನು, ಈಗ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಬಂದ ಮೇಲೆ ಹುಡುಗರು ಏಳುವುದೇ ಹತ್ತು ಗಂಟೆಗೆ.

ಸುಟ್ಟ ಮೋಟರ್: ಸರ್, ತಿಂಗಳಿಗೆ ಡಿಗ್ರಿಗೆ 3,000, ಡಿಪ್ಲೊಮಾಗೆ 1,500, ಅದೂ ಎರಡೇ ವರ್ಷ. ಅದರಲ್ಲಿ ಮನೆ ನಡೆಸಿ ತೋರಿಸಿ. ನಾನೇ ಆ "ಹುಡುಗರು". ಬಿಎ ಮುಗಿಸಿ ಮೂರು ಸರ್ಟಿಫಿಕೇಟ್ ತಗೊಂಡೆ. ಕಂಪ್ಯೂಟರ್, ಟ್ಯಾಲಿ, ಇನ್ನೊಂದರ ಹೆಸರೂ ನೆನಪಿಲ್ಲ. ನಿಮ್ಮೂರಲ್ಲಿ ಏನು ಕೆಟ್ಟು ನಿಲ್ಲುತ್ತದೆ ಅಂತ ಯಾರೂ ಕೇಳಲಿಲ್ಲ. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರ್ ಸುಟ್ಟರೆ ರಿವೈಂಡಿಂಗ್‌ಗೆ, ಅಂದರೆ ಒಳಗಿನ ತಂತಿ ಹೊಸದಾಗಿ ಸುತ್ತಿಸಲು, ನಾಲ್ಕು ದಿನ ಕಾಯಬೇಕು, ಅಷ್ಟರಲ್ಲಿ ಬೆಳೆ ಬಾಡುತ್ತದೆ. ಅಪ್ಪ ಬೈದು ಬೈದು, ಕೊನೆಗೆ ಮೂವತ್ತು ದಿನದ ರಿವೈಂಡಿಂಗ್ ತರಬೇತಿಗೆ ಹೋದೆ. ಮೊದಲ ಎರಡು ಮೋಟರ್ ನಾನೇ ಸುಟ್ಟೆ, 9,200 ದಂಡ ಕಟ್ಟಿದೆ. ಈಗ ಮಾರ್ಚ್‌ನಿಂದ ಮೇವರೆಗೆ ನಿದ್ದೆ ಇಲ್ಲ. ಮಳೆಗಾಲದಲ್ಲಿ ಸುಮ್ನೆ ನೊಣ ಹೊಡೆಯುತ್ತೇನೆ, ಅದನ್ನೂ ಹೇಳಿಬಿಡುತ್ತೇನೆ.

ಗೋಕುಲ ರೋಡ್ ಲೇತ್: ಒಂದು ತಾಲ್ಲೂಕಿಗೆ ಎಷ್ಟು ರಿವೈಂಡಿಂಗ್ ಅಂಗಡಿ ಬೇಕಪ್ಪಾ? ಮೂವತ್ತು ಜನರಿಗೆ ಕಲಿಸಿದರೆ ನಿನ್ನ ಅಂಗಡಿಯೇ ಮುಚ್ಚುತ್ತದೆ.

ಸುಟ್ಟ ಮೋಟರ್: ಅದಕ್ಕೇ ಅಣ್ಣಾ, ಮೂವತ್ತು ಜನರ ಬ್ಯಾಚ್ ಮಾಡಬೇಡಿ ಅಂತ ನಾನು ಹೇಳುವುದು. ಐದು ಜನ ಸಾಕು. ಆದರೆ ಐದು ಜನರ ಫೋಟೋ ತೆಗೆದರೆ ಪೇಪರಿನಲ್ಲಿ ಬರುವುದಿಲ್ಲ ಅಲ್ವಾ.

ಪಿಯು ಸರ್: ಮಾತು ಜಾಸ್ತಿಯಾಯಿತು.

ತುಂಗಭದ್ರೆ ದಂಡೆ: ಎಲ್ಲರಿಗೂ ಥ್ಯಾಂಕ್ಸ್. ಫಾರ್ಮ್ 40ರಿಂದ 3ಕ್ಕೆ ಇಳಿಸಿದೆವು. ಆದರೆ ಹಾಲ್‌ಗೆ ಹತ್ತಿರ ಫ್ಯಾಕ್ಟರಿ ಕಡಿಮೆ, ಇಲ್ಲಿ ಬೀಜ ಕಂಪನಿಗಳೇ ಜಾಸ್ತಿ. ಅಲ್ಲಿ ಯಾರಾದರೂ ಕೇಳಿ ನೋಡಿದ್ದೀರಾ?

ಹೊಲಿಗೆ ಅಕ್ಕ: ಬೀಜದ ವಿಷಯ ಗೊತ್ತಿಲ್ಲ ತಮ್ಮಾ. ಮಷಿನ್ 11 ಇನ್ನೂ ಇವೆ, ಒಂದಕ್ಕೆ ಆರು ಸಾವಿರಕ್ಕೆ ಕೊಡುತ್ತೇನೆ.

ಗೋಕುಲ ರೋಡ್ ಲೇತ್: ತಗೋಬೇಡ ತಮ್ಮಾ!