ಮಳೆ ಕೈಕೊಟ್ಟ ವರ್ಷ ಯೋಬನ ಪುಸ್ತಕ ಓದಿಸೋದು ಹೇಗೆ?

ಹೊಂಡದ ಸರ್ಕಲ್ (ಪ್ರಶ್ನೆ):

ಎಲ್ಲರಿಗೂ ವಂದನೆ. ದಾವಣಗೆರೆಯಲ್ಲಿ ನಮ್ಮ ಸಭೆಯ ಯುವಕರಿಗೆ ನಾಲ್ಕು ಬುಧವಾರ ಸಂಜೆ ಬೈಬಲ್ ಅಧ್ಯಯನ ಇದೆ, ದಿನಕ್ಕೆ 45 ನಿಮಿಷ. ವಿಷಯ ಅವರೇ ಆರಿಸಿದ್ದು: ದೇವರು ಒಳ್ಳೆಯವನೂ ಸರ್ವಶಕ್ತನೂ ಆಗಿದ್ದರೆ ಕೇಡನ್ನು ಯಾಕೆ ಬಿಟ್ಟಿದ್ದಾನೆ? ಹದಿನೈದು ಜನ ಬರ್ತಾರೆ. ಅರ್ಧಕ್ಕರ್ಧ ಜಗಳೂರು, ಚಳ್ಳಕೆರೆ ಕಡೆಯ ರೈತರ ಮಕ್ಕಳು. ಮೂರ್ನಾಲ್ಕು ಜನ ಕ್ರೈಸ್ತರಲ್ಲದ ಗೆಳೆಯರೂ ಇರ್ತಾರೆ. ಒಬ್ಬ ಹುಡುಗನ ತಂದೆ ಎರಡು ತಿಂಗಳ ಹಿಂದೆ ಬೋರ್‌ವೆಲ್ ಸಾಲಕ್ಕೆ ಹೆದರಿ ಜೀವ ತೆಗೆದುಕೊಂಡಿದ್ದಾರೆ.

ಬೈಬಲಿನ ಯೋಬನ ಪುಸ್ತಕ ಹಿಡಿಯೋಣ ಅಂತಿದೀನಿ, ತಪ್ಪಿಲ್ಲದ ಒಬ್ಬ ಆಸ್ತಿ, ಮಕ್ಕಳು ಎಲ್ಲ ಕಳಕೊಂಡು ದೇವರನ್ನೇ ಪ್ರಶ್ನಿಸುವ ಕಥೆ ಅದು, ಆದರೆ 42 ಅಧ್ಯಾಯ ನಾಲ್ಕು ವಾರದಲ್ಲಿ ಮುಗಿಯೋದಿಲ್ಲ. ಯಾವುದು ಬಿಡಲಿ? ‘ದೇವರು ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟ, ಅವನು ಕೆಡಿಸಿಕೊಂಡ’ ಅನ್ನೋ ಮಾಮೂಲಿ ಉತ್ತರ ಎಲ್ಲೀತನಕ ನಿಲ್ಲುತ್ತೆ? ಆ ಹುಡುಗನ ಎದುರು ಏನು ಆಡಬಾರದು?

ಏಳುಸುತ್ತಿನ ಕೋಟೆ:

ಯೋಬನಿಗೂ ಅವನ ಮೂವರು ಗೆಳೆಯರಿಗೂ ನಡೆಯೋ ನಡುವಿನ ವಾದ ಮೂರು ಸುತ್ತು ಬರುತ್ತೆ (ಅಧ್ಯಾಯ 4–14, 15–21, 22–27). ಎರಡನೇ ಸುತ್ತಿಗೇ ಹುಡುಗರು ಮೊಬೈಲ್ ತೆಗೀತಾರೆ. ಆಮೇಲೆ ಬರುವ ಎಲೀಹು ಎಂಬ ಯುವಕನ ಮಾತು, 32–37, ಪೂರ್ತಿ ಬಿಡಿ.

ಮೊದಲ ವಾರಕ್ಕೆ 1ರಿಂದ 3 ಸಾಕು. ಯೋಬನಿಗೆ ಒಂದೇ ದಿನ ಬಂದ ನಾಲ್ಕು ಸುದ್ದಿಯ ಕ್ರಮ ನೋಡಿ. ಶೆಬದವರು ಎತ್ತು, ಕತ್ತೆ ಹೊಡಕೊಂಡು ಹೋದರು. ಆಕಾಶದಿಂದ ಬೆಂಕಿ ಬಿದ್ದು ಕುರಿ ಸುಟ್ಟವು. ಕಸ್ದೀಯರು ಒಂಟೆಗಳನ್ನು ದೋಚಿದರು. ಬಿರುಗಾಳಿಗೆ ಮನೆ ಕುಸಿದು ಮಕ್ಕಳು ಸತ್ತರು. ಮನುಷ್ಯ, ಪ್ರಕೃತಿ, ಮತ್ತೆ ಮನುಷ್ಯ, ಮತ್ತೆ ಪ್ರಕೃತಿ. ಬರೆದವನು ಎರಡನ್ನೂ ಬೇಕಂತಲೇ ಹೆಣೆದಿದ್ದಾನೆ. ಬೋರ್ಡಿನ ಮೇಲೆ ಎರಡು ಕಾಲಂ ಎಳೆದು ಹುಡುಗರ ಕೈಲೇ ತುಂಬಿಸಿ, ಆಮೇಲೆ ನಮ್ಮ ಕಡೆಯದನ್ನೂ ಹಾಕಿಸಿ. ಮಳೆ ಹೋದದ್ದು ಒಂದು ಕಡೆ, ಮೀಟರ್ ಬಡ್ಡಿ ಇನ್ನೊಂದು ಕಡೆ. ಬತ್ತಿದ ಬೋರ್‌ವೆಲ್ ಯಾವ ಕಡೆ ಅಂತ ಜಗಳ ಬೀಳುತ್ತೆ, ಬೀಳಲಿ. ಅಂತರ್ಜಲ ಇಳಿದದ್ದರಲ್ಲಿ ಮೋಡದ ಪಾಲೂ ಇದೆ, ಮಿತಿಯಿಲ್ಲದೆ ನೀರೆತ್ತಿದವರ ಪಾಲೂ ಇದೆ.

ಎರಡನೇ ವಾರ ಯೋಬನ ಗೆಳೆಯರ ಮೊದಲ ಮಾತುಗಳು ಮಾತ್ರ: 4, 8, 11. ಎಲೀಫಜ ಕೇಳ್ತಾನೆ, ತಪ್ಪಿಲ್ಲದವನು ಎಂದಾದರೂ ಹಾಳಾದದ್ದುಂಟಾ (4:7). ಬಿಲ್ದದ ಹೇಳ್ತಾನೆ, ನಿನ್ನ ಮಕ್ಕಳು ಪಾಪ ಮಾಡಿದ್ದಕ್ಕೇ ಹೋದರು (8:4). ಚೋಫರನಂತೂ, ನಿನ್ನ ಪಾಪಕ್ಕೆ ದೇವರು ಕೊಟ್ಟದ್ದು ಕಡಿಮೆಯೇ ಅಂತಾನೆ (11:6). ಯಾರ ಮಾತು ಅಂತ ಹೇಳದೆ ಈ ಮೂರನ್ನೂ ಚೀಟಿಯಲ್ಲಿ ಬರೆದು ಹಂಚಿ, ‘ಸರಿನಾ?’ ಅಂತ ಕೇಳಿ. ಬಹಳಷ್ಟು ಜನ ತಲೆ ಆಡಿಸ್ತಾರೆ, ಊರಲ್ಲಿ ಕೇಳಿ ಬೆಳೆದದ್ದು ಇದನ್ನೇ ಅಲ್ವಾ. ಆಮೇಲೆ 42:7 ತೆಗೆಸಿ. ನನ್ನ ಸೇವಕ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಆಡಲಿಲ್ಲ ಅಂತ ದೇವರು ಸಿಟ್ಟಾಗೋದು ಆ ಮೂವರ ಮೇಲೆ. ದೇವರ ಪರ ವಕಾಲತ್ತು ವಹಿಸಿದವರು ಬೈಸಿಕೊಂಡರು, ದೇವರ ಜತೆ ಜಗಳಕ್ಕೆ ನಿಂತವನು ಗೆದ್ದ.

ಮೂರನೇ ವಾರ ದೇವರೇ ಯೋಬನಿಗೆ ಮಾತಾಡುವ 38–41, ಜತೆಗೆ 42:1–9. ಇಲ್ಲಿ ‘ಯಾಕೆ’ ಅನ್ನೋದಕ್ಕೆ ಉತ್ತರವೇ ಇಲ್ಲ. ಮೊದಲೆರಡು ಅಧ್ಯಾಯದ ಪರಲೋಕದ ಸಭೆಯಲ್ಲಿ ಯೋಬನನ್ನು ಪರೀಕ್ಷಿಸೋಕೆ ಸೈತಾನ ದೇವರ ಅಪ್ಪಣೆ ಪಡೆದದ್ದು ಓದುಗರಿಗೆ ಗೊತ್ತು, ಯೋಬನಿಗೆ ಕೊನೇತನಕ ಯಾರೂ ಹೇಳೋದಿಲ್ಲ. ಸೈತಾನನೂ 2ನೇ ಅಧ್ಯಾಯದ ನಂತರ ಪತ್ತೆಯಿಲ್ಲ. 38:26 ಓದುವಾಗ ಹುಷಾರು. ಮನುಷ್ಯರೇ ಇಲ್ಲದ ಬೀಳು ನೆಲದ ಮೇಲೆ ಮಳೆ ಸುರಿಸುವವನು ಯಾರು ಅಂತ ದೇವರು ಕೇಳ್ತಾನೆ. ಬಿತ್ತಿದ ಶೇಂಗಾ ಒಣಗಿಹೋದ ಮನೆಯ ಹುಡುಗನಿಗೆ ಅದು ಗಾಯದ ಮೇಲೆ ಉಪ್ಪು. ಲೋಕ ಮನುಷ್ಯನ ಹೊಲಕ್ಕಷ್ಟೇ ಅಳೆದು ಮಾಡಿದ್ದಲ್ಲ ಅನ್ನೋದು ಆ ವಚನದ ಅರ್ಥ. ವಿವರಿಸದೆ ದಾಟಬೇಡಿ.

ಎಡವೋದು ಹೆಚ್ಚಾಗಿ 42:10ರಲ್ಲಿ. ‘ಎರಡರಷ್ಟು ಸಿಕ್ಕಿತು, ನಿಮಗೂ ಸಿಗುತ್ತೆ’ ಅಂತ ಮುಗಿಸಿಬಿಡ್ತಾರೆ. ಲೆಕ್ಕ ಮಾಡಿಸಿ: ಕುರಿ 7000 ಇದ್ದದ್ದು 14000, ಒಂಟೆ 3000 ಇದ್ದದ್ದು 6000. ಮಕ್ಕಳು ಮಾತ್ರ ಮೊದಲಿನ ಹಾಗೇ ಏಳು ಗಂಡು, ಮೂರು ಹೆಣ್ಣು. ಸತ್ತವರನ್ನು ದನಕರುವಿನ ಲೆಕ್ಕದಲ್ಲಿ ತುಂಬಿಕೊಡೋಕೆ ಆಗೋದಿಲ್ಲ. ನಾಲ್ಕನೇ ವಾರ ಯೋಬನನ್ನು ಬಿಟ್ಟು ಯೇಸುವಿನ ಕಡೆ ಬನ್ನಿ: ಲೂಕ 13:1–5, ಯೋಹಾನ 9, ಮತ್ತು ‘ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ’ ಅಂತ ಶಿಲುಬೆಯ ಮೇಲೆ ಆತ ಕೂಗಿದ ಮಾರ್ಕ 15:34.

ಗರಡಿಮನೆ:

ಸ್ವಾತಂತ್ರ್ಯದ ಉತ್ತರ ಎಲ್ಲೀತನಕ ಅನ್ನೋದಕ್ಕೆ ಬರ್ತೀನಿ. ಒಳ್ಳೆಯ ಸರ್ವಶಕ್ತ ದೇವರು ಮತ್ತು ಕೇಡು ಎರಡೂ ಒಟ್ಟಿಗೆ ಇರೋದೇ ವಿರೋಧಾಭಾಸ ಅಂತ 1955ರಲ್ಲಿ ಮ್ಯಾಕಿ ಎಂಬ ತತ್ತ್ವಜ್ಞಾನಿ ವಾದಿಸಿದ. ನಿಜವಾದ ಸ್ವಾತಂತ್ರ್ಯ ಇರುವ ಜೀವಿಗಳನ್ನು ಮಾಡಿ, ಅವು ಎಂದೂ ತಪ್ಪದ ಹಾಗೆ ನೋಡಿಕೊಳ್ಳೋದು ಸರ್ವಶಕ್ತನಿಗೂ ಕೈಯಲ್ಲಿಲ್ಲದ ಸಂಗತಿ ಆಗಿರಬಹುದು ಅಂತ 1974ರಲ್ಲಿ ಪ್ಲಾಂಟಿಂಗ ಎಂಬ ಕ್ರೈಸ್ತ ತತ್ತ್ವಜ್ಞಾನಿ ಉತ್ತರಿಸಿದ. ಆ ‘ಆಗಿರಬಹುದು’ ಮುಖ್ಯ. ವಿರೋಧಾಭಾಸದ ಆರೋಪ ಬಿದ್ದುಹೋಗೋಕೆ ಅಷ್ಟು ಸಾಕು. ಆದರೆ ಅದು ರಕ್ಷಣಾ ವಾದ, ಕಾರಣದ ವಿವರಣೆ ಅಲ್ಲ. ಇವನ ಮನೆಗೇ ಯಾಕೆ ಅನ್ನೋದಕ್ಕೆ ಅದು ಬಾಯಿ ಬಿಡೋದಿಲ್ಲ. ಸಭೆಗಳಲ್ಲಿ ಆಗೋ ತಪ್ಪು ಇದೇ, ರಕ್ಷಣಾ ವಾದವನ್ನು ವಿವರಣೆ ಅಂತ ಮಾರ್ತಾರೆ.

1979ರಲ್ಲಿ ವಿಲಿಯಂ ರೋ ಪ್ರಶ್ನೆಯನ್ನೇ ತಿರುಗಿಸಿದ. ಯಾರೂ ಕಾಣದ ಕಾಡಿನಲ್ಲಿ ಸಿಡಿಲಿನ ಬೆಂಕಿಗೆ ಸಿಕ್ಕಿ ಜಿಂಕೆ ಮರಿಯೊಂದು ದಿನಗಟ್ಟಲೆ ನರಳಿ ಸಾಯುತ್ತೆ, ಅದರಿಂದ ಯಾರಿಗೆ ಏನು ಒಳ್ಳೆಯದಾಯ್ತು? ಹುಡುಗರಿಗೆ ಹೇಳುವಾಗ ಜೋಗಿಮಟ್ಟಿ ಕಾಡು ಅಂತಿಟ್ಟುಕೊಳ್ಳಿ, ಕಣ್ಣಿಗೆ ಕಟ್ಟುತ್ತೆ. ಕಾರಣ ನಮಗೆ ಕಾಣದಿದ್ದ ಮಾತ್ರಕ್ಕೆ ಕಾರಣವೇ ಇಲ್ಲ ಅನ್ನೋಕಾಗೋದಿಲ್ಲ ಅನ್ನೋದು ಕ್ರೈಸ್ತರ ಕಡೆಯ ಒಂದು ಉತ್ತರ. ಸರಿ, ಆದರೆ ಇದನ್ನು ಅಡುಗೆಗೆ ಉಪ್ಪು ಹಾಕಿದ ಹಾಗೆ ಹಾಕಬೇಕು. ಜಾಸ್ತಿಯಾದರೆ ದೇವರ ಬಗ್ಗೆ ನಮಗೆ ಏನೂ ತಿಳಿಯೋದಿಲ್ಲ ಅಂದಂಗಾಗಿ, ‘ಆತ ಒಳ್ಳೆಯವನು’ ಅನ್ನೋ ಮಾತೂ ಅದರ ಜತೆಗೇ ಹೋಗುತ್ತೆ.

ಲೋಕ ಒಂದು ಗರಡಿ, ಕಷ್ಟದಲ್ಲಿ ಪಳಗಿ ಆತ್ಮ ಬೆಳೆಯುತ್ತೆ ಅನ್ನೋದು ಇನ್ನೊಂದು ದಾರಿ. ಎರಡನೇ ಶತಮಾನದ ಕ್ರೈಸ್ತ ಗುರು ಐರೇನಿಯಸನ ಜಾಡು ಹಿಡಿದು 1966ರಲ್ಲಿ ಜಾನ್ ಹಿಕ್ ಇದನ್ನು ವಿಸ್ತರಿಸಿದ. ದಾವಣಗೆರೆ ಹುಡುಗರಿಗೆ ಗರಡಿಯ ಹೋಲಿಕೆ ಥಟ್ಟನೆ ಹಿಡಿಸುತ್ತೆ. ಅವರೇ ಅದನ್ನು ಒಡೀತಾರೆ ಕೂಡ: ಅಖಾಡಕ್ಕೆ ತೆವಳಿ ಬಂದ ಎಳೆಕೂಸನ್ನು ಕೆಡವಿದರೆ ಅದು ತಾಲೀಮಾ? ಇಲ್ಲಿ ಸೋಲೊಪ್ಪಿಕೊಳ್ಳಿ. ಈ ವಾದ ದೊಡ್ಡವರ ಕೆಲವು ಕಷ್ಟಗಳಿಗೆ ಹೊಂದುತ್ತೆ, ಅಷ್ಟೇ.

ನನಗೆ ಮೆಚ್ಚಿಗೆಯಾದದ್ದು ಹಳೆಯ ಕಾಲದ ಕ್ರೈಸ್ತ ಗುರು ಅಗಸ್ಟೀನನ ಮಾತು: ಕೇಡು ಬೇರೆ ಒಂದು ವಸ್ತು ಅಲ್ಲ, ಒಳ್ಳೆಯದು ಕೊರತೆಯಾದ ಸ್ಥಿತಿ. ಲ್ಯಾಟಿನ್‌ನಲ್ಲಿ ಆತ ಬಹಳ ಬೆವರು ಹರಿಸಿ ಹೇಳಿದ್ದನ್ನು ಕನ್ನಡ ಒಂದೇ ಪದದಲ್ಲಿ ಹೇಳುತ್ತೆ. ಕೇಡು ಬಂದದ್ದು ‘ಕೆಡು’ ಧಾತುವಿನಿಂದ. ಹಾಲು ಇದ್ದರೆ ತಾನೇ ಕೆಡೋದು? ಹಾಗಂತ ‘ನೋವು ನಿಜವಲ್ಲ’ ಅನ್ನೋ ತೀರ್ಮಾನಕ್ಕೆ ಹೋಗಬೇಡಿ, ಅಗಸ್ಟೀನನೂ ಹಾಗೆ ಹೇಳಿಲ್ಲ. ಯೆಶಾಯ 45:7ನ್ನು ಯಾರಾದರೂ ಎತ್ತೇ ಎತ್ತುತ್ತಾರೆ, ಕೇಡನ್ನು ಬರಮಾಡುವವನು ದೇವರೇ ಅಂತ ಇದೆಯಲ್ಲ ಅಂತ. ಅಲ್ಲಿನ ಹೀಬ್ರೂ ಪದ ‘ರಾ’, ದುಷ್ಟತನಕ್ಕೂ ವಿಪತ್ತಿಗೂ ಅದೇ ಪದ. ಅಲ್ಲಿ ಅದು ಕ್ಷೇಮಕ್ಕೆ ಎದುರಾಗಿ ಬಂದಿರೋದರಿಂದ ವಿಪತ್ತು ಅಂತಲೇ ಅರ್ಥ.

ಕೋಡಿ ನೀರು:

ನಾನು ನಂಬುವವನಲ್ಲ, ಕೇಳೋಕೆ ಅಡ್ಡಿ ಇಲ್ಲ ತಾನೇ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ! ಯಾರ ಸ್ವಾತಂತ್ರ್ಯ ಇದಕ್ಕೆ ಕಾರಣ? ಯಾರ ಪಾಪ?

ಗರಡಿಮನೆ:

ಅಡ್ಡಿ ಏನಿಲ್ಲ ಸರ್. ‘ಯಾರ ಪಾಪ’ ಅನ್ನೋದನ್ನು ಯೇಸುವಿಗೂ ಕೇಳಿದ್ದರು. ಸಿಲೊವಾಮಿನ ಬುರುಜು ಬಿದ್ದು ಸತ್ತ 18 ಜನ ಉಳಿದವರಿಗಿಂತ ಪಾಪಿಗಳಲ್ಲ ಅಂತ ಲೂಕ 13ರಲ್ಲಿ ನೇರವಾಗಿ ಇದೆ. ಬುರುಜು ಯಾಕೆ ಬಿತ್ತು ಅಂತ ಮಾತ್ರ ಆತ ಹೇಳೋದಿಲ್ಲ, ಮಾತು ಕೇಳುವವರ ಕಡೆಗೇ ತಿರುಗುತ್ತೆ. ಬರಗಾಲಕ್ಕೆ ಮನುಷ್ಯನ ಸ್ವಾತಂತ್ರ್ಯದ ವಾದ ಸಾಲೋದಿಲ್ಲ, ಒಪ್ಪಿದೆ. ಅಲ್ಲಿ ಎರಡು ಮಾತಿವೆ. ನಿಯಮ ತಪ್ಪದ ಪ್ರಕೃತಿ ಇದ್ದರೇ ಬಿತ್ತನೆಗೆ ಅರ್ಥ, ಆ ನಿಯಮವೇ ಒಮ್ಮೊಮ್ಮೆ ಕೊಲ್ಲುತ್ತೆ. ಇನ್ನೊಂದು ರೋಮಾಪುರದವರಿಗೆ 8:22, ಸೃಷ್ಟಿಯೇ ಹೆರಿಗೆ ನೋವಿನಲ್ಲಿ ನರಳ್ತಿದೆ, ಈಗಿರುವ ಸ್ಥಿತಿಯೇ ದೇವರ ಕೊನೆಯ ಮಾತಲ್ಲ. ಮೊದಲನೆಯದು ನಿಮ್ಮನ್ನು ಅರ್ಧ ಒಪ್ಪಿಸಬಹುದು. ಎರಡನೆಯದು ನಂಬಿಕೆ ಇದ್ದವರಿಗೆ ಮಾತ್ರ ಹಿಡಿಸೋದು, ಬಚ್ಚಿಡೋದು ಯಾಕೆ.

ಹರಿಹರದ ಅಕ್ಕ:

ವಾದ ಚೆನ್ನಾಗಿದೆ ತಮ್ಮಂದಿರಾ, ಆ ಹುಡುಗನನ್ನು ಮರೆತೇಬಿಟ್ರಿ. ಎರಡು ತಿಂಗಳು ಅಂದರೆ ಹಸಿ ಗಾಯ. ‘ದೇವರ ಚಿತ್ತ’ ಅನ್ನಬೇಡಿ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ‘ನಿನ್ನ ಚಿತ್ತ ಭೂಮಿಯಲ್ಲಿಯೂ ನೆರವೇರಲಿ’ ಅಂತ ದಿನಾ ಬೇಡೋದು ಅದು ಇನ್ನೂ ಪೂರ್ತಿ ನೆರವೇರಿಲ್ಲ ಅಂತಲೇ. ‘ನಂಬಿಕೆ ಸಾಲಲಿಲ್ಲ’ ಅನ್ನೋದು ಅದಕ್ಕಿಂತ ಕೆಟ್ಟದ್ದು. ಅಪೊಸ್ತಲ ಪೌಲನೇ ತನ್ನ ಜತೆಗಾರ ತ್ರೊಫಿಮನನ್ನು ಮಿಲೇತ ಊರಲ್ಲಿ ಕಾಯಿಲೆ ಬಿದ್ದ ಹಾಗೇ ಬಿಟ್ಟು ಬಂದ (2 ತಿಮೊಥೆ 4:20). ತನ್ನನ್ನೇ ಕಾಡುತ್ತಿದ್ದ ‘ಶೂಲ’ವನ್ನು ದೇವರು ತೆಗೆಯಲಿ ಅಂತ ಮೂರು ಸಲ ಬೇಡಿದರೂ ಅದು ಹೋಗಲಿಲ್ಲ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಅನ್ನೋ ರೋಮಾ 8:28 ಸುಳ್ಳಲ್ಲ, ಆದರೆ ಅದು ನೊಂದವರು ತಾವೇ ಮುಂದೊಂದು ದಿನ ಹೇಳಿಕೊಳ್ಳೋ ಮಾತು, ಹೊರಗಿನವರು ತಂದು ಕೊಡೋದಲ್ಲ. ತಂದೆಯ ಆತ್ಮ ಎಲ್ಲಿದೆ ಅನ್ನೋ ಚರ್ಚೆ ಯಾರು ಎತ್ತಿದರೂ ಅಲ್ಲೇ ನಿಲ್ಲಿಸಿ.

ನಮ್ಮ ಭಾಷೆಯದೇ ಒಂದು ತೊಡಕಿದೆ. ‘ಪಾಪ’ ಅಂದರೆ ಅಪರಾಧವೂ ಹೌದು, ‘ಅಯ್ಯೋ ಪಾಪ’ ಅನ್ನೋ ಕನಿಕರವೂ ಹೌದು. ಸಾವಿನ ಮನೆಯಲ್ಲಿ ‘ಏನು ಪಾಪ ಮಾಡಿದ್ರೋ’ ಅಂತ ಕನಿಕರದಿಂದಲೇ ಅಂತಾರೆ, ಕೇಳುವವನಿಗೆ ತೀರ್ಪಿನ ಹಾಗೆ ನಾಟುತ್ತೆ. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ಅದೇ, ಇವನ ಪಾಪವೋ ಹೆತ್ತವರದೋ ಅಂತ. ಎರಡೂ ಅಲ್ಲ ಅಂದ ಯೇಸು. ಹಿಂದಿನ ಜನ್ಮದ ಮಾತಾಡುವ ಗೆಳೆಯರೂ ಇರೋದರಿಂದ ಇದಕ್ಕೆ ಹೆಚ್ಚು ಸಮಯ ಕೊಡಿ, ಆದರೆ ಅವರ ನಂಬಿಕೆಯನ್ನು ಹೀಯಾಳಿಸಬೇಡಿ. ಎಲೀಫಜ ನಮ್ಮ ಸಭೆಗಳಲ್ಲೂ ಬೇಕಾದಷ್ಟಿದ್ದಾನೆ.

ಪ್ರತಿ ವಾರ ಕೊನೆಯ ಐದು ನಿಮಿಷ ವಿವರಣೆ ಇಲ್ಲದೆ ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ ಓದಿಸಿ. 13ನೆಯದು ಆರೇ ವಚನ, ‘ಎಷ್ಟರವರೆಗೆ’ ಅನ್ನೋ ಕೂಗು ಮೊದಲ ಎರಡು ವಚನದಲ್ಲೇ ನಾಲ್ಕು ಸಲ ಬರುತ್ತೆ. ಒಂದು ವಾರ 88 ಇರಲಿ, ಅದು ಕತ್ತಲಲ್ಲೇ ಮುಗಿಯುತ್ತೆ. ಸ್ತೋತ್ರದ ಮಾತು ಸೇರಿಸಿ ಅದಕ್ಕೆ ಬೆಳಕು ಹಚ್ಚೋಕೆ ಹೋಗಬೇಡಿ. ಆ ಹುಡುಗನೋ ಇನ್ಯಾರೋ ಬದುಕು ಬೇಡ ಅನ್ನೋ ಮಾತಾಡಿದರೆ ಪ್ರಾರ್ಥನೆ ಮಾಡಿ ಮನೆಗೆ ಕಳಿಸಿಬಿಡಬೇಡಿ, ಒಬ್ಬನೇ ಇರೋಕೆ ಬಿಡಬೇಡಿ. 14416 ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ, ಯಾವ ಹೊತ್ತಿನಲ್ಲಾದರೂ ಎತ್ತುತ್ತಾರೆ, ಕನ್ನಡದಲ್ಲೂ ಮಾತಾಡ್ತಾರೆ.

ಹೊಂಡದ ಸರ್ಕಲ್:

ತುಂಬಾ ಉಪಕಾರ ಅಕ್ಕ, ಎಲ್ಲರಿಗೂ. ಹಾಗಾದರೆ ಎರಡನೇ ವಾರದ ಚೀಟಿ ಆಟ ಕೈಬಿಡಲಾ? ಅದರಲ್ಲಿ ಎಲೀಫಜನ ಮಾತೇ ಮೊದಲು ಬರುತ್ತೆ.

ಹರಿಹರದ ಅಕ್ಕ:

ಬಿಡಬೇಡಿ, ಅದು ಬೇಕು. ಆ ಮಾತು ತಪ್ಪು ಅಂತ ದೇವರೇ ಹೇಳಿದ್ದನ್ನು ಎಲ್ಲರಿಗಿಂತ ಮೊದಲು ಕೇಳಬೇಕಾದವನು ಅವನೇ. ಬುಧವಾರಕ್ಕೆ ಎರಡು ದಿನ ಮುಂಚೆ ಒಬ್ಬರೇ ಹೋಗಿ ಅವನನ್ನು ಕಂಡು, ಆವತ್ತು ಏನು ಓದ್ತೀವಿ ಅಂತ 42:7ರ ಸಮೇತ ಹೇಳಿ. ಬರೋದು ಬಿಡೋದು ಅವನಿಷ್ಟ. ಬಂದರೆ ಬಾಗಿಲ ಹತ್ತಿರ ಕೂರಲಿ, ಎದ್ದು ಹೋದರೆ ಯಾರೂ ಕರೀಬಾರದು ಅಂತ ಉಳಿದವರಿಗೆ ಮೊದಲೇ ಹೇಳಿಡಿ. 4:7ರ ಚೀಟಿ ಮಾತ್ರ ಅವನ ಕೈಗೆ ಹೋಗದ ಹಾಗೆ ನೀವೇ ಹಂಚಿ.